ಕಣಕ್ಕೆ ಚೆಲ್ಲಿದ ಹೂವು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಕಬಡ್ಡಿ ನೋಡಿದವರಿಗೆ ಗೊತ್ತು, ಅಂಕಣಕ್ಕಿಳಿಯುವ ಮುನ್ನ ಹುಡುಗರು ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುತ್ತಾರೆ. ಗೆಲುವು ಬೇಡುವ ಇಂಥ ವಾಡಿಕೆಗೆ ಬರಹದ ಆಧಾರ ಹುಡುಕಹೊರಟರೆ ಮೊದಲು ಅಡ್ಡ ಬರುವುದು ಹಳೆಯ ಗಡಿ. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯದು, ಹನೂರು ಅದರೊಳಗೇ ಇತ್ತು. ಪಕ್ಕದ ಯಳಂದೂರು ಮೈಸೂರಿನದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದು. ಒಂದೇ ಸೀಮೆಯ ಕಾಗದಪತ್ರಗಳು ಎರಡು ಸರ್ಕಾರಗಳ ಪಾಲಾದವು.

ಮದ್ರಾಸ್ ಕಡೆಯಿಂದಲೇ ಶುರು ಮಾಡಿದೆ. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತು ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಸಂಪುಟಗಳಲ್ಲಿ, ಕುಸ್ತಿಯೇ ಕುಲಕಸುಬಾಗಿ ಕಣಕ್ಕಿಳಿಯುತ್ತಿದ್ದ ಜೆಟ್ಟಿಗಳ ವಿವರವಿದೆ. ಅಲ್ಲಿ ಅವನು ಎತ್ತಿಕೊಟ್ಟಿರುವುದು ಮಾರ್ಕ್ ವಿಲ್ಕ್ಸ್‌ನ ಬರಹವನ್ನು. ಪೂರ್ಣಯ್ಯನವರು ದಿವಾನರಾಗಿದ್ದಾಗ ಮೈಸೂರಿನ ರೆಸಿಡೆಂಟ್ ಹೊಣೆ ಹೊತ್ತಿದ್ದವನು ಈ ವಿಲ್ಕ್ಸ್. ಮದ್ರಾಸಿನ ಪುಸ್ತಕ ನನ್ನನ್ನು ಯಳಂದೂರಿನ ಜಹಗೀರುದಾರರ ಕಾಲಕ್ಕೇ ತಂದು ನಿಲ್ಲಿಸಿತು.

ವಿಲ್ಕ್ಸ್ ವರ್ಣಿಸುವುದು ವಜ್ರಮುಷ್ಟಿ ಕಾಳಗವನ್ನು. ತಾಲೀಮುಖಾನೆಯ ಉಸ್ತಾದರು ಮೊದಲೇ ಜೋಡಿ ಕಟ್ಟಿರುತ್ತಾರೆ. ಕಿತ್ತಳೆ ಬಣ್ಣದ ಚಡ್ಡಿ, ಬಲಗೈಯಲ್ಲಿ ಎಮ್ಮೆಕೊಂಬಿನ ಮೊನಚು ಮುಷ್ಟಿ, ಕೊರಳಲ್ಲಿ ಹೂಮಾಲೆ. ಹೆಸರು, ಊರು ಕೂಗಿದ ಮೇಲೆ ಜೆಟ್ಟಿ ದಂತದ ಸಿಂಹಾಸನದ ದೊರೆಗೆ ಅಡ್ಡಬೀಳುತ್ತಾನೆ, ಆಮೇಲೆ ಜಾಲಂದರದ ಹಿಂದಿನ ರಾಣಿವಾಸಕ್ಕೆ. ಕೊನೆಗೆ ಮಾಲೆ ತೆಗೆದು ಹೂಗಳನ್ನು ಕಣದ ತುಂಬ ಚೆಲ್ಲುತ್ತಾನೆ. ಕಾಳಗ ಅದಾದ ಮೇಲೆಯೇ.

ಇದನ್ನು ಬರೀ ಅಲಂಕಾರವೆನ್ನಲು ನನಗೆ ಮನಸ್ಸೊಪ್ಪುವುದಿಲ್ಲ. ದೊರೆಗೆ ಸಂದದ್ದು ನಮಸ್ಕಾರ, ಹೂವು ಸಂದದ್ದು ನೆಲಕ್ಕೆ. ಮಣ್ಣು ಮುಟ್ಟುವ ಕಬಡ್ಡಿ ಹುಡುಗನ ಕೈಯಲ್ಲೂ ಅದೇ ಭಕ್ತಿಯಿದೆ.

ವಿಲ್ಕ್ಸ್ ಕಂಡದ್ದು ಅರಮನೆಯಂಗಳದ ಭಾಗ. ಜೆಟ್ಟಿಗಳ ಕುಲದೇವತೆ ನಿಂಬಜಾದೇವಿ ಆ ಪುಟದಲ್ಲಿಲ್ಲ. ಅವಳ ಜಾಡು ಗುಜರಾತಿನ ಮೊಢೇರಾಕ್ಕೆ ಒಯ್ಯುತ್ತದೆ. ಜೆಟ್ಟಿಗಳಂತೆಯೇ ಕುಸ್ತಿಯ ಕುಲದವರಾದ ಅಲ್ಲಿನ ಜ್ಯೇಷ್ಠಿಮಲ್ಲರ 'ಮಲ್ಲಪುರಾಣ' 1964ರಲ್ಲಿ ಬರೋಡಾದಿಂದ ಅಚ್ಚಾಗಿದೆ. ಅದರಲ್ಲಿ ಮಲ್ಲವಿದ್ಯೆ ಕಲಿಸುವವನು ಕೃಷ್ಣ, ಕಾಯುವವಳು ಈ ದೇವಿ.

ಇಂದಿಗೂ ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ಜೆಟ್ಟಿಗಳು ತಲೆ ಬೋಳಿಸಿಕೊಂಡು ಕಾದುತ್ತಾರೆ, ನೆತ್ತರು ಕಂಡೊಡನೆ ಕಾಳಗ ನಿಲ್ಲುತ್ತದೆ. ಆ ಜೋಡಿಗಳಲ್ಲಿ ಚಾಮರಾಜನಗರದವರೂ ಇರುತ್ತಾರೆ. ಕಣಕ್ಕೆ ಹೊರಡುವ ಮುನ್ನ ಅವರ ಮನೆಗಳಲ್ಲಿ ನಡೆಯುವ ಪೂಜೆಯನ್ನು ಹಿರಿಯರ ಬಾಯಿಂದಲೇ ಕೇಳಿ ಬರೆದಿಡಬೇಕು. ನನ್ನ ಮುಂದಿನ ಕೆಲಸ ಅದು.