ಸೈಂಟಾಲಜಿ ಮತ್ತು ಕ್ರೈಸ್ತ ವಿಶ್ವಾಸ: ಎರಡೂ ಜೊತೆಯಾಗಿ ಸಾಗಬಲ್ಲವೇ?

ಕಳೆದ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಹುಟ್ಟಿಕೊಂಡ ಸೈಂಟಾಲಜಿ ಎಂಬ ಪಂಥವು ತನ್ನೆಡೆಗೆ ಬರುವವರಿಗೆ ಒಂದು ಭರವಸೆ ನೀಡುತ್ತದೆ. ಯಾರೂ ತಮ್ಮ ಧರ್ಮವನ್ನು ತ್ಯಜಿಸಬೇಕಾಗಿಲ್ಲ, ಕ್ರೈಸ್ತರು ಕ್ರೈಸ್ತರಾಗಿಯೇ, ಯಹೂದಿಗಳು ಯಹೂದಿಗಳಾಗಿಯೇ ಉಳಿದುಕೊಂಡು ಇದನ್ನು ಅನುಸರಿಸಬಹುದು ಎಂಬುದೇ ಆ ಭರವಸೆ. ಕೇಳಲು ಉದಾರವಾದ ಮಾತು. ಆದರೆ ಒಬ್ಬ ವ್ಯಕ್ತಿ ಎರಡನ್ನೂ ಏಕಕಾಲದಲ್ಲಿ ಪ್ರಾಮಾಣಿಕವಾಗಿ ನಂಬಲು ಸಾಧ್ಯವೇ?

ಇದು ಕ್ರೈಸ್ತರು ಉತ್ತರಿಸಬೇಕಾದ ಪ್ರಶ್ನೆಯಲ್ಲವೇ, ಇದರಿಂದ ನಮಗೇನು ಎಂದು ಓದುಗರಿಗೆ ಅನಿಸಬಹುದು. ‘ನಿಮ್ಮ ಧರ್ಮ ನಿಮ್ಮಲ್ಲಿರಲಿ, ಇದನ್ನೂ ಸ್ವಲ್ಪ ಸೇರಿಸಿಕೊಳ್ಳಿ’ ಎಂಬ ಆಹ್ವಾನವು ಯಾವುದೇ ಒಂದು ಸಮುದಾಯದ ಬಾಗಿಲಿಗೆ ಸೀಮಿತವಾಗಿ ಉಳಿಯುವುದಿಲ್ಲ. ಅದು ಇಸ್ಲಾಮಿನ ಹೆಸರು ಹೊತ್ತ ಒಂದು ಸಂಘಟನೆಯನ್ನೂ ತಲುಪಿದ ಸಂಗತಿಯನ್ನು ನಾವು ಮುಂದೆ ನೋಡಲಿದ್ದೇವೆ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ಅನ್ಯಾಯಕ್ಕೆ ದೂಡದಿರಲಿ ಎಂಬುದು ಕುರ್‌ಆನಿನ ಬೋಧನೆ. ಆದುದರಿಂದ ಎರಡೂ ಕಡೆಯವರು ತಮ್ಮ ಬಗ್ಗೆ ತಾವೇ ಹೇಳಿಕೊಂಡಿರುವುದನ್ನು ಆಧಾರವಾಗಿಟ್ಟು ಈ ವಿಷಯವನ್ನು ಪರಿಶೀಲಿಸೋಣ.

ವಿಜ್ಞಾನವೆಂದು ಆರಂಭ, ಚರ್ಚ್ ಎಂದು ಮುಂದುವರಿಕೆ

ಸೈಂಟಾಲಜಿಯ ಸ್ಥಾಪಕ ಎಲ್. ರಾನ್ ಹಬ್ಬರ್ಡ್ 1911ರಲ್ಲಿ ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಜನಿಸಿದರು. ಅವರು ವೈಜ್ಞಾನಿಕ ಕಾಲ್ಪನಿಕ ಕಥೆಗಳ ಲೇಖಕರಾಗಿದ್ದರು. 1950ರ ಮೇ ತಿಂಗಳಲ್ಲಿ ‘ಡಯಾನೆಟಿಕ್ಸ್’ ಎಂಬ ಅವರ ಗ್ರಂಥ ಪ್ರಕಟವಾಯಿತು. ಅದನ್ನು ಅವರು ಜನರ ಮುಂದಿಟ್ಟದ್ದು ಧರ್ಮವೆಂದಲ್ಲ, ಮನಸ್ಸಿನ ವಿಜ್ಞಾನವೆಂದು. ಹಿಂದಿನ ನೋವಿನ ಕ್ಷಣಗಳು ‘ಎನ್‌ಗ್ರಾಮ್’ಗಳಾಗಿ ಮನಸ್ಸಿನಲ್ಲಿ ಅಚ್ಚಾಗಿರುತ್ತವೆ, ‘ಆಡಿಟಿಂಗ್’ ಎಂಬ ಪ್ರಶ್ನೋತ್ತರದ ಮೂಲಕ ಅವುಗಳನ್ನು ಅಳಿಸಿದರೆ ಮನುಷ್ಯನು ‘ಕ್ಲಿಯರ್’ ಅಂದರೆ ಶುದ್ಧ ಸ್ಥಿತಿಯನ್ನು ತಲುಪುತ್ತಾನೆ ಎಂಬುದು ಅದರ ವಾದ.

ಗ್ರಂಥವು ಭಾರೀ ಸಂಖ್ಯೆಯಲ್ಲಿ ಮಾರಾಟವಾಯಿತಾದರೂ ಅದರ ಹೆಸರಿನಲ್ಲಿ ಆರಂಭಿಸಿದ ಪ್ರತಿಷ್ಠಾನವು ಬಹುಬೇಗ ಆರ್ಥಿಕ ಸಂಕಷ್ಟಕ್ಕೆ ಸಿಲುಕಿತು. 1952ರಲ್ಲಿ ಹಬ್ಬರ್ಡ್ ‘ಸೈಂಟಾಲಜಿ’ ಎಂಬ ಹೊಸ ಹೆಸರನ್ನು ಮುಂದಿಟ್ಟರು. 1953ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯಲ್ಲಿ ಅದು ಚರ್ಚ್ ಆಗಿ ನೋಂದಣಿಯಾಯಿತು. 1954ರಲ್ಲಿ ಕ್ಯಾಲಿಫೋರ್ನಿಯದಲ್ಲಿಯೂ ಚರ್ಚ್ ಸ್ಥಾಪನೆಯಾಯಿತು. ಆಡಿಟಿಂಗ್‌ನಲ್ಲಿ ಬಳಸುವ ‘ಇ-ಮೀಟರ್’ ಎಂಬ ವಿದ್ಯುತ್ ಉಪಕರಣಗಳನ್ನು 1963ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ವಶಪಡಿಸಿಕೊಂಡಿತು. ಯಾವ ರೋಗಕ್ಕೂ ಇದು ಮದ್ದಲ್ಲ ಎಂಬ ಎಚ್ಚರಿಕೆಯೊಂದಿಗೆ, ಧಾರ್ಮಿಕ ಸಮಾಲೋಚನೆಗೆ ಮಾತ್ರ ಅದನ್ನು ಬಳಸಬಹುದೆಂದು 1971ರಲ್ಲಿ ನ್ಯಾಯಾಲಯ ತೀರ್ಪಿತ್ತಿತು.

ಚರ್ಚ್ ಎಂಬ ಹೆಸರಿನ ಜೊತೆಗೆ ಭಾನುವಾರದ ಸಭೆ, ಧರ್ಮಗುರುಗಳು ಮತ್ತು ಶಿಲುಬೆ ಕೂಡ ಬಂದವು. ಆದರೆ ಆ ಶಿಲುಬೆಗೂ ಯೇಸುವಿಗೂ ಸಂಬಂಧವಿಲ್ಲ. ಅದರ ಎಂಟು ತುದಿಗಳು ಹಬ್ಬರ್ಡ್ ಹೇಳಿದ ಜೀವನದ ಎಂಟು ‘ಡೈನಮಿಕ್’ಗಳನ್ನು ಸೂಚಿಸುತ್ತವೆ.

1975ರ ಕೊನೆಯಲ್ಲಿ ಫ್ಲೋರಿಡದ ಕ್ಲಿಯರ್‌ವಾಟರ್ ನಗರದಲ್ಲಿ ನಡೆದ ಘಟನೆಯು ಈ ಹೊರರೂಪದ ಶಕ್ತಿಯನ್ನು ತೋರಿಸುತ್ತದೆ. ಅಲ್ಲಿನ ಫೋರ್ಟ್ ಹ್ಯಾರಿಸನ್ ಎಂಬ ಹಳೆಯ ಹೋಟೆಲನ್ನು ಒಂದು ಕಂಪೆನಿ ಖರೀದಿಸಿತು. ಅದನ್ನು ಬಳಸಲಿರುವುದು ‘ಯುನೈಟೆಡ್ ಚರ್ಚಸ್ ಆಫ್ ಫ್ಲೋರಿಡ’ ಎಂದು ತಿಳಿಸಲಾಯಿತು. ಚರ್ಚುಗಳ ನಡುವೆ ಐಕ್ಯ ಬಯಸುವ ಸಂಸ್ಥೆಯೆಂಬಂತೆ ಅದನ್ನು ಪರಿಚಯಿಸಲಾಗಿತ್ತು. ಇದರ ಹಿಂದಿರುವುದು ಸೈಂಟಾಲಜಿ ಎಂಬುದು 1976ರ ಜನವರಿಯಲ್ಲಿ ಬಹಿರಂಗವಾಯಿತು. ಎರಡು ವಿಶ್ವಾಸಗಳು ನಿಜಕ್ಕೂ ಜೊತೆಗೂಡಬಲ್ಲವಾದರೆ ಒಂದು ಇನ್ನೊಂದರ ಹೆಸರಿನ ಮರೆಯಲ್ಲಿ ಊರು ಪ್ರವೇಶಿಸಬೇಕಾದ ಅಗತ್ಯವೇನಿತ್ತು?

ದೇವನ ಕುರಿತು

ಹೊರರೂಪವನ್ನು ಬದಿಗಿಟ್ಟು ವಿಶ್ವಾಸದ ತಿರುಳಿಗೆ ಬರೋಣ. ಸೈಂಟಾಲಜಿಯಲ್ಲಿ ದೇವನು ಎಂಟನೆಯ ಡೈನಮಿಕ್‌ಗೆ ಸೇರುತ್ತಾನೆ. ಅದಕ್ಕೆ ‘ಅನಂತ’ ಎಂಬ ಹೆಸರೂ ಇದೆ. ಆ ಪರಮಶಕ್ತಿ ಯಾರು, ಆತನು ಏನನ್ನು ಆಜ್ಞಾಪಿಸಿದ್ದಾನೆ ಎಂಬುದನ್ನು ಪಂಥವು ನಿಶ್ಚಿತವಾಗಿ ಹೇಳುವುದಿಲ್ಲ. ಪ್ರತಿಯೊಬ್ಬನೂ ತಾನೇ ಕಂಡುಕೊಳ್ಳಲಿ ಎನ್ನುತ್ತದೆ. ಎಲ್ಲ ಧರ್ಮದವರಿಗೂ ಇಲ್ಲಿ ಸ್ಥಳವಿದೆ ಎಂಬ ಭಾವನೆ ಹುಟ್ಟುವುದು ಈ ಖಾಲಿ ಜಾಗದಿಂದಲೇ.

ಕ್ರೈಸ್ತ ಧರ್ಮದಲ್ಲಿ ಆ ಜಾಗ ಖಾಲಿಯಿಲ್ಲ. ಕ್ರಿ.ಶ. 325ರಲ್ಲಿ ಇಂದಿನ ತುರ್ಕಿಯಲ್ಲಿರುವ ನೈಸಿಯಾದಲ್ಲಿ ಸೇರಿದ ಬಿಷಪರು ಸೃಷ್ಟಿಕರ್ತನಾದ ತಂದೆಯ ಬಗ್ಗೆಯೂ ಯೇಸುವಿನ ಬಗ್ಗೆಯೂ ಏನನ್ನು ನಂಬಬೇಕೆಂದು ಬರೆದಿಟ್ಟರು. ಅವರು ಯೇಸುವಿಗೆ ನೀಡಿದ ದೈವತ್ವವನ್ನು ನಾವು ಒಪ್ಪುವುದಿಲ್ಲ. ಈಸಾ(ಅ) ಅಲ್ಲಾಹನ ದಾಸರೂ ಸಂದೇಶವಾಹಕರೂ ಆಗಿದ್ದಾರೆ ಎಂಬುದು ನಮ್ಮ ವಿಶ್ವಾಸ. ಆದರೆ ಇಲ್ಲಿನ ಪ್ರಶ್ನೆ ಕ್ರೈಸ್ತರ ವಿಶ್ವಾಸಕ್ಕೆ ಸೈಂಟಾಲಜಿಯಲ್ಲಿ ಎಡೆಯಿದೆಯೇ ಎಂಬುದು. ಯೇಸುವಿನ ಮೂಲಕ ವಿಮೋಚನೆ ಎಂಬ ಮಾತಿಗೆ ಸೈಂಟಾಲಜಿಯ ಯಾವ ಮೆಟ್ಟಿಲಲ್ಲಿಯೂ ಕೆಲಸವಿಲ್ಲ. 1954ರಲ್ಲಿ ಫೀನಿಕ್ಸ್ ನಗರದಲ್ಲಿ ನೀಡಿದ ಉಪನ್ಯಾಸಗಳಲ್ಲಿ ಹಬ್ಬರ್ಡ್ ತಮ್ಮ ಚಿಂತನೆಯ ಮೂಲವನ್ನು ಗುರುತಿಸಿದ್ದು ವೇದಗಳಲ್ಲಿ ಮತ್ತು ಬುದ್ಧನ ಬೋಧನೆಗಳಲ್ಲಿ.

ಮನುಷ್ಯನ ಕುರಿತು

ಸೈಂಟಾಲಜಿಯ ಪ್ರಕಾರ ಮನುಷ್ಯನ ನಿಜಸ್ವರೂಪ ‘ಥೀಟನ್’. ಅದು ಅಳಿವಿಲ್ಲದ ಚೈತನ್ಯ. ದೇಹದಿಂದ ದೇಹಕ್ಕೆ ಸಾಗುತ್ತಾ ಅಸಂಖ್ಯ ಜನ್ಮಗಳನ್ನು ಕಳೆದಿದೆ. ವಸ್ತು, ಶಕ್ತಿ, ದೇಶ, ಕಾಲಗಳ ಈ ಜಗತ್ತಿನೊಳಗೆ ಸಿಲುಕಿ ತನ್ನ ಮೂಲ ಸಾಮರ್ಥ್ಯವನ್ನು ಮರೆತಿದೆ. ಕ್ರೈಸ್ತರ ದೃಷ್ಟಿಯಲ್ಲಾದರೋ ಮನುಷ್ಯನು ದೇವನ ಸೃಷ್ಟಿ. ಅವನಿಗೆ ಒಂದು ಜೀವನ, ಒಂದು ಮರಣ, ಆ ಬಳಿಕ ಪುನರುತ್ಥಾನ ಮತ್ತು ವಿಚಾರಣೆ.

ಇದು ಚರ್ಚಿಗೆ ಹೊಸ ಪ್ರಶ್ನೆಯೇನೂ ಆಗಿರಲಿಲ್ಲ. ಆತ್ಮಗಳು ದೇಹಗಳಿಗಿಂತ ಮೊದಲೇ ಅಸ್ತಿತ್ವದಲ್ಲಿದ್ದವು ಎಂಬ ವಾದವು ಒರಿಗನ್ ಎಂಬ ವಿದ್ವಾಂಸನ ಹೆಸರಿನಲ್ಲಿ ಹಬ್ಬಿದಾಗ ಚಕ್ರವರ್ತಿ ಜಸ್ಟೀನಿಯನ್ 543ರಲ್ಲಿ ಅದನ್ನು ಖಂಡಿಸಿ ಶಾಸನ ಹೊರಡಿಸಿದನು. ಅಂದರೆ ಹಬ್ಬರ್ಡ್ ಲೇಖನಿ ಹಿಡಿಯುವುದಕ್ಕೆ 1,400 ವರ್ಷಗಳ ಹಿಂದೆಯೇ ಕ್ರೈಸ್ತ ಜಗತ್ತು ಇಂತಹ ವಿಚಾರವನ್ನು ತನ್ನ ಮನೆಯಿಂದ ಹೊರಗಿಟ್ಟಿತ್ತು.

ವಿಮೋಚನೆಯ ಕುರಿತು

ಎರಡೂ ದಾರಿಗಳು ಸಂಪೂರ್ಣವಾಗಿ ಅಗಲುವುದು ಇಲ್ಲಿ. ಕ್ರೈಸ್ತರ ಪ್ರಕಾರ ಮನುಷ್ಯನ ರೋಗ ಪಾಪ. ಅದರ ಮದ್ದು ದೇವನ ಕೃಪೆ. ಆ ಕೃಪೆಗೆ ಬೆಲೆಯಿಲ್ಲ, ಅದರ ಘೋಷಣೆ ಎಲ್ಲರಿಗೂ ಬಹಿರಂಗ. ಸೈಂಟಾಲಜಿಯ ಪ್ರಕಾರ ಮನುಷ್ಯನ ರೋಗ ಹಳೆಯ ನೋವಿನ ಅಚ್ಚುಗಳು. ಅದರ ಮದ್ದು ಹಂತಹಂತವಾಗಿ ನಡೆಯುವ ಆಡಿಟಿಂಗ್ ಮತ್ತು ತರಬೇತಿ. ಮೇಲಿನ ಹಂತಗಳ ಬೋಧನೆ ಗುಪ್ತ. ಏಳೂವರೆ ಕೋಟಿ ವರ್ಷಗಳ ಹಿಂದೆ ಕ್ಸೀನು ಎಂಬ ಆಡಳಿತಗಾರನು ಅಸಂಖ್ಯ ಜೀವಿಗಳನ್ನು ಭೂಮಿಗೆ ತಂದು ಕೊಂದನೆಂಬ ಕಥೆಯು ಅಂತಹ ಒಂದು ಹಂತದ್ದು. 1985ರಲ್ಲಿ ನ್ಯಾಯಾಲಯದ ಕಡತಗಳ ಮೂಲಕ ಅದು ಪತ್ರಿಕೆಗಳಿಗೆ ಸಿಗುವವರೆಗೂ ಸಾಮಾನ್ಯ ಸದಸ್ಯರಿಗೆ ತಿಳಿದಿರಲಿಲ್ಲ.

ಗುಪ್ತ ಜ್ಞಾನದಿಂದ ಮೋಕ್ಷ ಎಂಬ ಬೋಧನೆಯೂ ಹಳೆಯದು. ಎರಡನೆಯ ಶತಮಾನದಲ್ಲಿ ನಾಸ್ಟಿಕರೆಂಬ ಪಂಗಡಗಳು ಅದನ್ನೇ ಹೇಳುತ್ತಿದ್ದವು. ಸುಮಾರು 180ರಲ್ಲಿ ಲಿಯಾನ್ ನಗರದ ಬಿಷಪ್ ಐರೇನಿಯಸ್ ಅವರ ವಿರುದ್ಧ ದೊಡ್ಡ ಗ್ರಂಥವನ್ನೇ ರಚಿಸಿದನು. ಅಪೊಸ್ತಲರು ಕಲಿಸಿದ್ದನ್ನು ಎಲ್ಲರೆದುರು ಬಹಿರಂಗವಾಗಿ ಕಲಿಸಿದ್ದರು, ಆಯ್ದ ಕೆಲವರಿಗೆಂದು ಬಚ್ಚಿಟ್ಟ ಬೋಧನೆ ಇರಲಿಲ್ಲ ಎಂಬುದು ಅವನ ಮುಖ್ಯ ವಾದವಾಗಿತ್ತು.

ಇನ್ನು ಹಣದ ವಿಷಯ. ಆಡಿಟಿಂಗ್‌ಗೆ ಕೊಟ್ಟ ಹಣವನ್ನು ದಾನವೆಂದು ತೋರಿಸಿ ತೆರಿಗೆ ವಿನಾಯಿತಿ ಪಡೆಯಬಹುದೇ ಎಂಬ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1989ರಲ್ಲಿ ನ್ಯಾಯಾಲಯವು, ಆ ಹಣ ಒಂದು ಸೇವೆಗೆ ಪ್ರತಿಯಾಗಿ ನಿಗದಿತ ದರದಲ್ಲಿ ನೀಡಿದ್ದಾದುದರಿಂದ ಅದು ದಾನವಾಗದು ಎಂದಿತು. ಆದರೆ 1993ರಲ್ಲಿ ತೆರಿಗೆ ಇಲಾಖೆಯು ಪಂಥದೊಂದಿಗೆ ಒಪ್ಪಂದಕ್ಕೆ ಬಂದು ಅದಕ್ಕೆ ಧಾರ್ಮಿಕ ಸಂಸ್ಥೆಯ ವಿನಾಯಿತಿ ನೀಡಿತು. 1983ರಲ್ಲಿ ಆಸ್ಟ್ರೇಲಿಯದ ಹೈಕೋರ್ಟ್ ಸೈಂಟಾಲಜಿಯನ್ನು ಒಂದು ಧರ್ಮವೆಂದು ಒಪ್ಪಿತು. 2013ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದರ ಪ್ರಾರ್ಥನಾಲಯದಲ್ಲಿ ವಿವಾಹ ನಡೆಸಲು ಅವಕಾಶ ನೀಡಿತು. ಈ ತೀರ್ಪುಗಳು ನಾಗರಿಕರ ಹಕ್ಕಿಗೆ ಸಂಬಂಧಿಸಿದವು. ಒಂದು ವಿಶ್ವಾಸವು ಇನ್ನೊಂದಕ್ಕೆ ಹೊಂದುತ್ತದೆಯೇ ಎಂಬುದನ್ನು ಯಾವ ನ್ಯಾಯಾಲಯವೂ ನಿರ್ಧರಿಸಿಲ್ಲ, ಅದು ನ್ಯಾಯಾಲಯದ ಕೆಲಸವೂ ಅಲ್ಲ.

ಪ್ರಾಮಾಣಿಕತೆ, ಹೆತ್ತವರ ಸೇವೆ, ಮಾದಕ ವಸ್ತುಗಳ ವರ್ಜನೆ ಮುಂತಾದ ವಿಷಯಗಳಲ್ಲಿ ಎರಡರ ಉಪದೇಶವೂ ಒಂದೇ ಎಂಬುದು ನಿಜ. ಆದರೆ ಸದ್ಗುಣಗಳ ವಿಷಯದಲ್ಲಿ ಜಗತ್ತಿನ ಬಹುಪಾಲು ಜನರು ಸಹಮತದಲ್ಲಿದ್ದಾರೆ. ದೇವನು ಯಾರು, ನಾನು ಯಾರು, ನನ್ನ ರಕ್ಷಣೆ ಯಾರ ಕೈಯಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೂ ಪರಸ್ಪರ ವಿರುದ್ಧವಾದ ಉತ್ತರ ನೀಡುವ ಎರಡು ವಿಶ್ವಾಸಗಳನ್ನು ಒಂದೇ ಹೃದಯದಲ್ಲಿಡಲು ಸಾಧ್ಯವಿಲ್ಲ. ಎರಡನ್ನೂ ಹಿಡಿದಿದ್ದೇನೆ ಎನ್ನುವವನು ಒಂದನ್ನು ಹೆಸರಿಗಷ್ಟೇ ಉಳಿಸಿಕೊಂಡಿರುತ್ತಾನೆ.

ನಮಗಿರುವ ಪಾಠ

ಅಮೆರಿಕದ ಕರಿಯರ ನಡುವೆ ಕೆಲಸ ಮಾಡುವ ‘ನೇಷನ್ ಆಫ್ ಇಸ್ಲಾಂ’ ಸಂಘಟನೆಯ ನಾಯಕ ಲೂಯಿಸ್ ಫರ್ರಾಖಾನ್ 2010ರಿಂದ ತಮ್ಮ ಅನುಯಾಯಿಗಳಿಗೆ ಡಯಾನೆಟಿಕ್ಸ್ ಮತ್ತು ಆಡಿಟಿಂಗನ್ನು ಬಹಿರಂಗವಾಗಿ ಶಿಫಾರಸು ಮಾಡಿದರು. ಅವರಲ್ಲಿ ಅನೇಕರು ಆಡಿಟರ್‌ಗಳಾಗಿ ತರಬೇತಿಯನ್ನೂ ಪಡೆದರು. ಆ ಸಂಘಟನೆಯ ಮೂಲ ಸಿದ್ಧಾಂತಗಳು ಇಸ್ಲಾಮಿನ ಮುಖ್ಯವಾಹಿನಿಗೆ ಹೊರತಾಗಿವೆ ಎಂಬುದು ನಿಜ. ಆದರೂ ಗಾಯಗೊಂಡ ಮನಸ್ಸುಗಳಿಗೆ ಸಾಂತ್ವನ ಬೇಕೆಂಬ ನೈಜ ಹಸಿವಿನ ಬಾಗಿಲಿನಿಂದಲೇ ಈ ಆಹ್ವಾನ ಒಳಬಂತು ಎಂಬುದನ್ನು ಮರೆಯಬಾರದು.

ಆ ಹಸಿವು ನಮ್ಮ ಮನೆಗಳಲ್ಲಿಯೂ ಇದೆ. ಅದಕ್ಕೆ ಇಸ್ಲಾಂ ನೀಡುವ ಉತ್ತರ ಸ್ಪಷ್ಟವಾಗಿದೆ. ರೂಹ್ ಅಲ್ಲಾಹನ ಆಜ್ಞೆಯಿಂದ ಬಂದದ್ದು; ಅದರ ಬಗ್ಗೆ ಮನುಷ್ಯನಿಗಿರುವ ಜ್ಞಾನ ಅಲ್ಪ. ತೌಬಾಕ್ಕೆ ಮಧ್ಯವರ್ತಿಯೂ ಬೇಡ, ಉಪಕರಣವೂ ಬೇಡ, ಶುಲ್ಕವೂ ಇಲ್ಲ. ಪ್ರವಾದಿ(ಸ)ರವರು ತಮ್ಮ ಹಜ್ಜ್‌ನ ಸಂದರ್ಭದಲ್ಲಿ ನೆರೆದ ಜನಸ್ತೋಮದೆದುರು, ನಾನು ಸಂದೇಶವನ್ನು ತಲುಪಿಸಿದ್ದೇನೆಯೇ ಎಂದು ಕೇಳಿ ಸಾಕ್ಷ್ಯ ಪಡೆದರು. ಹೀಗಿರುವಾಗ ಹಣ ಕೊಟ್ಟವರಿಗೆ ಮಾತ್ರ ತೆರೆಯುವ ಗುಪ್ತ ಹಂತಗಳಿಗೆ ಇಲ್ಲಿ ಸ್ಥಳವೆಲ್ಲಿ?

ಮತ್ತೊಂದು ಮಾತನ್ನು ಪೋಷಕರು ಗಮನಿಸಬೇಕು. ಸೈಂಟಾಲಜಿಯು ಮನೋವೈದ್ಯಶಾಸ್ತ್ರವನ್ನು ತೀವ್ರವಾಗಿ ವಿರೋಧಿಸುತ್ತದೆ. 1969ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆಯನ್ನು ಹುಟ್ಟುಹಾಕಿತು. ಇಸ್ಲಾಂ ಹಾಗೆ ಕಲಿಸುವುದಿಲ್ಲ. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ರವರು ಉಪದೇಶಿಸಿದ್ದಾರೆ. ಮಗನೋ ಮಗಳೋ ಮಾನಸಿಕವಾಗಿ ಬಳಲುತ್ತಿದ್ದರೆ ವೈದ್ಯರ ಬಳಿಗೆ ಕರೆದೊಯ್ಯುವುದು ಈಮಾನ್‌ಗೆ ವಿರುದ್ಧವಲ್ಲ. ಅದನ್ನು ಅವಮಾನವೆಂದು ಬಗೆದು ಮುಚ್ಚಿಟ್ಟರೆ ಆ ಮಗು ಸಾಂತ್ವನವನ್ನು ಬೇರೆಲ್ಲೋ ಹುಡುಕಿಕೊಂಡು ಹೋದೀತು.

ಅಲ್ಲಾಹನು ನಮ್ಮ ಹೃದಯಗಳನ್ನು ಸನ್ಮಾರ್ಗದಲ್ಲಿ ಸ್ಥಿರಗೊಳಿಸಲಿ, ಇತರರ ಬಗ್ಗೆ ನ್ಯಾಯದಿಂದ ಮಾತನಾಡುವ ತೌಫೀಕ್ ನೀಡಲಿ. ಆಮೀನ್.