ಕೋಡಿಯ ನೀರೂ ಮನೆಯ ನಿವೇಶನವೂ

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಹೋಬಳಿಯು ಮಳೆಗಾಗಿ ಕಾಯುವ ಬಯಲುಸೀಮೆಯು. ಇಂತಹ ಸೀಮೆಯಲ್ಲಿ ನೆರೆಯ ವಿಚಾರವೇತಕ್ಕೆಂದು ವಾಚಕರು ಆಶ್ಚರ್ಯಪಡಬಹುದು. ಆದರೆ ನೀರು ವಿರಳವಾಗಿ ಬರುವ ನಾಡಿನಲ್ಲಿಯೇ ಅದರ ದಾರಿಯು ಬೇಗನೆ ಮರೆತುಹೋಗುವುದು.

ಇದಕ್ಕೆ ಇದೇ ತಾಲ್ಲೂಕಿನ ನಿದರ್ಶನವುಂಟು. ಮಾರಿಕಣಿವೆಯಲ್ಲಿ ವೇದಾವತಿಗೆ 1898ರಲ್ಲಿ ಆರಂಭವಾದ ಕಟ್ಟೆಯು 1907ರಲ್ಲಿ ಮುಗಿದು ವಾಣೀವಿಲಾಸ ಸಾಗರವೆನಿಸಿತು. ಅದು 130 ಅಡಿ ತುಂಬಿ ಮೊದಲು ಕೋಡಿಹರಿದದ್ದು 1933ರಲ್ಲಿ. ಮರಳಿ ಹರಿದದ್ದು 2022ರಲ್ಲಿ. ನಡುವಣ 89 ವರ್ಷಗಳಲ್ಲಿ ಮೂರು ತಲೆಮಾರಿನವರು ಕೋಡಿಯ ನೀರನ್ನು ಕಾಣದೆ ಬಾಳಿದರು. 2025ರ ಜನವರಿಯಲ್ಲಿಯಾದರೋ ಅದು ಮತ್ತೆ ಹರಿಯಿತು. ಆದುದರಿಂದ ಕಂಡವರ ನೆನಪನ್ನೇ ಪ್ರಮಾಣವಾಗಿಟ್ಟು ನಿವೇಶನವನ್ನು ಆರಿಸುವುದು ಸಲ್ಲದು.

ಪೂರ್ವಿಕರು ನೆನಪನ್ನು ನಂಬದೆ ಕಲ್ಲಿನಲ್ಲಿ ಬರೆಯಿಸಿದರು. ವಿಜಯನಗರದ ಭಾಸ್ಕರ ಭವದೂರನು ಕಟ್ಟಿಸಿದ, ಕಡಪ ಸೀಮೆಯ ಪೋರುಮಾಮಿಳ್ಳ ಕೆರೆಯ 1369ರ ಸಂಸ್ಕೃತ ಶಾಸನವು ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ನೆಲವು ಕಿರಿದಾಗಿ ನೀರು ಮಿಗಿಲಾಗುವುದು ಆ ದೋಷಗಳಲ್ಲೊಂದು. ಕೆರೆಯನ್ನು ಕುರಿತ ಈ ಮಾತನ್ನು ಹಳ್ಳಕ್ಕೂ ಅನ್ವಯಿಸಬಹುದು. ಒತ್ತುವರಿಯು ಅದೇ ದೋಷವನ್ನು ಕೈಯಾರೆ ಉಂಟುಮಾಡುವುದು.

1993ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮ ಪಂಚಾಯಿತಿಯ ಅನುಮತಿಯಿಲ್ಲದೆ ಮನೆ ಕಟ್ಟಲಾಗದು. ಕಂದಾಯದ ಲೆಕ್ಕದಲ್ಲಿ ಸಾರ್ವಜನಿಕವಾದ ಕೆರೆಹಳ್ಳಗಳ ನೆಲವು ‘ಬ’ ಖರಾಬೆಂದು ಬೇರೆಯಾಗಿರುವುದು. ಅನುಮತಿ ಕೊಡುವವರು ಇವೆರಡನ್ನೂ ಕೂಡಿಸಿ ನೋಡತಕ್ಕದ್ದು. ಒಣಗಿದ ಹಳ್ಳವು ನಿವೇಶನವಾಗಿ ಮಾರಿಹೋದರೆ ನಷ್ಟವು ಮಾರಿದವನಿಗಲ್ಲ, ಸಾಲಮಾಡಿ ಮನೆ ಕಟ್ಟಿದ ಬಡವನಿಗೆ. ನೆನಪು ಮೂರು ತಲೆಮಾರಿಗೆ ಸವೆಯುವುದು. ನಿಯಮವು ಸವೆಯದೆ ನಿಲ್ಲಬೇಕು.