ಚಾಂಪಿಯನ್ ರೀಫಿನ ಆಳಕ್ಕೆ ಬಂದ ನ್ಯೂಟ್ರಿನೊ

ನಮ್ಮ ತಾಯಲೂರು ಕಡೆ ಕೆ.ಜಿ.ಎಫ್. ಎಂದರೆ ಚಿನ್ನ, ಈಚೆಗೆ ಸಿನಿಮಾ. ಬೇತಮಂಗಲ ದಾಟಿದ ಮೇಲೆ ಸಿಗುವ, ಆ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಅಡಿಯಲ್ಲಿ 1965ರಲ್ಲಿ ಏನಾಯಿತೆಂಬುದನ್ನು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಷ್ಟು ಕಾಲವೂ ಮಕ್ಕಳಿಗೆ ಹೇಳುತ್ತ ಬಂದೆ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಅದು. ಆದರೆ ನಮ್ಮ ಕೋಲಾರ ಜಿಲ್ಲೆಯ ಚರಿತ್ರೆ.

1951ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಹೋಮಿ ಭಾಭಾ ಒಬ್ಬ ತರುಣನನ್ನು ಈ ಗಣಿಗೆ ಕಳಿಸಿದರು. ಅವರು ನಂಜನಗೂಡಿನ ಬಿ.ವಿ. ಶ್ರೀಕಂಠನ್. ವಿಶ್ವಕಿರಣಗಳು ಗಾಳಿಗೆ ಬಡಿದಾಗ ಹುಟ್ಟುವ ಮ್ಯುಆನ್ ಕಣಗಳು ನೆಲದೊಳಗೆ ಎಷ್ಟು ಆಳದವರೆಗೆ ಇಳಿಯುತ್ತವೆ ಎಂದು ಅಳೆಯುವುದು ಅವರ ಕೆಲಸ. ಅದಕ್ಕೆ ಬೇಕಾದ ಆಳವನ್ನು ಯಾವ ಪ್ರಯೋಗಾಲಯವೂ ತಾನೇ ತೋಡಿಕೊಳ್ಳಲಾರದು. ಇಲ್ಲಿ ಅದು ಸಿದ್ಧವಾಗಿತ್ತು. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಕಾಲದ ಕೂಲಿಗಳು ಕೇಜಿನಲ್ಲಿ ಇಳಿದು, ಕುದಿಯುವ ಸೆಕೆಯಲ್ಲಿ, ಬಂಡೆ ಸಿಡಿದು ಸಾಯುವ ಭಯದಲ್ಲಿ ಮೂರು ಕಿ.ಮೀ.ಗೂ ಕೆಳಗೆ ಕೊರೆದಿದ್ದರು. ಅವರು ಹೋದದ್ದು ಚಿನ್ನಕ್ಕಾಗಿ, ನಿಜ. ಆದರೂ ಈ ಸಂಶೋಧನೆಯ ಮೊದಲ ಉಪಕರಣ ಅವರ ಕೈಕೆಲಸವೇ ಎಂದು ನಾನು ನಂಬುತ್ತೇನೆ.

1960ರ ದಶಕದ ಆರಂಭದಲ್ಲಿ ಜಪಾನಿನ ಮಿಯಾಕೆ, ನಮ್ಮವರಾದ ವಿ.ಎಸ್. ನರಸಿಂಹಂ ಮತ್ತು ರಮಣಮೂರ್ತಿ ಇನ್ನೂ ಕೆಳಗೆ ಇಳಿದರು. ಸುಮಾರು 2.75 ಕಿ.ಮೀ. ಆಳದಲ್ಲಿ ವಾರಗಟ್ಟಲೆ ಕಾದರೂ ಒಂದೇ ಒಂದು ಮ್ಯುಆನ್ ಬರಲಿಲ್ಲ. ಆ ಸೊನ್ನೆಯೇ ದೊಡ್ಡ ಫಲ. ಮೇಲಿನಿಂದ ಏನೂ ಬಾರದ ಕಡೆ ಒಂದು ಮ್ಯುಆನ್ ಕಂಡರೆ, ಅಕ್ಕಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ತಾಗಿ ಹುಟ್ಟಿದ್ದೇ ಇರಬೇಕು. ನ್ಯೂಟ್ರಿನೊ ಎಂದರೆ ಭೂಮಿಯನ್ನೇ ತೂರಿ ಹೋಗುವ, ವಿದ್ಯುದಂಶವಿಲ್ಲದ ಕಣ; ವಿಶ್ವಕಿರಣಗಳು ಗಾಳಿಗೆ ಬಡಿದಾಗ ಅದೂ ಹುಟ್ಟುತ್ತದೆ, ಹಾಗೆ ಹುಟ್ಟಿದ್ದನ್ನು ಹಿಡಿಯಲು ಅವರು ಕಂಡುಕೊಂಡ ದಾರಿ ಇದು.

ಇದೇ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿ.ಮೀ. ಕೆಳಗೆ ಟಾಟಾ ಸಂಸ್ಥೆ, ಒಸಾಕಾ ಸಿಟಿ ಮತ್ತು ಡರ್ಹಂ ವಿಶ್ವವಿದ್ಯಾಲಯಗಳು ಸೇರಿ ಉಪಕರಣ ಹೂಡಿದವು. ಎಂ.ಜಿ.ಕೆ. ಮೆನನ್, ಶ್ರೀಕಂಠನ್, ನರಸಿಂಹಂ, ಮಿಯಾಕೆ, ವುಲ್ಫೆಂಡೇಲ್ ಮೊದಲಾದವರ ತಂಡ. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಹಾಳೆಗಳನ್ನೂ ನಿಯಾನ್ ಕೊಳವೆಗಳನ್ನೂ ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರು. ಮೇಲಿನಿಂದ ಇಳಿಯುವ ಮ್ಯುಆನ್ ಅಷ್ಟು ಬಂಡೆ ದಾಟಿ ಅಡ್ಡಡ್ಡ ಬರಲಾರದು, ಹಾಗಾಗಿ ಅಡ್ಡಡ್ಡ ಬರುವ ಕಣವೇ ಅವರಿಗೆ ಬೇಕಾದದ್ದು. ಅದು ಬಂತು. 1965ರ ಆಗಸ್ಟ್ 15ರ 'ಫಿಸಿಕ್ಸ್ ಲೆಟರ್ಸ್' ಸಂಚಿಕೆಯಲ್ಲಿ ವರದಿ ಅಚ್ಚಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡ ಸ್ವಲ್ಪ ಮೊದಲೇ ಇಂಥ ಗುರುತು ಕಂಡಿತ್ತು. ಅವರ ವರದಿ ಹೊರಬಿದ್ದದ್ದು ಹದಿನೈದು ದಿನ ತಡವಾಗಿ. ಮನ್ನಣೆ ಇಬ್ಬರಿಗೂ ಸಲ್ಲಬೇಕು. ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊಗಳು ಮನುಷ್ಯನಿಗೆ ಸಿಕ್ಕಿದ್ದು ಅದೇ ಮೊದಲು.

ಈ ನ್ಯೂಟ್ರಿನೊಗಳೇ ಮುಂದೆ ದೊಡ್ಡ ಗುಟ್ಟು ಬಿಟ್ಟುಕೊಟ್ಟವು. 1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆ, 50,000 ಟನ್ ನೀರಿನ ತೊಟ್ಟಿಯಲ್ಲಿ ಲೆಕ್ಕ ಹಾಕಿ ತೋರಿಸಿತು: ನೆತ್ತಿಯ ಮೇಲಿನಿಂದ ಹತ್ತಿಪ್ಪತ್ತು ಕಿ.ಮೀ. ಬಂದ ಮ್ಯುಆನ್ ನ್ಯೂಟ್ರಿನೊಗಳು ಲೆಕ್ಕಕ್ಕೆ ಸರಿಯಾಗಿವೆ, ಭೂಮಿಯ ಆಚೆ ಬದಿಯಿಂದ 12,000 ಕಿ.ಮೀ.ಗೂ ಹೆಚ್ಚು ಹಾದು ಬಂದವು ಸುಮಾರು ಅರ್ಧದಷ್ಟೇ ಇವೆ. ಉಳಿದವು ದಾರಿಯಲ್ಲಿ ಬೇರೆ ಜಾತಿಯ ನ್ಯೂಟ್ರಿನೊಗಳಾಗಿ ಬದಲಾಗಿದ್ದವು. ಹಾಗೆ ಬದಲಾಗಬೇಕಾದರೆ ನ್ಯೂಟ್ರಿನೊಗೆ ಎಷ್ಟೇ ಸಣ್ಣದಾದರೂ ದ್ರವ್ಯರಾಶಿ ಇರಲೇಬೇಕು. ಆ ತಂಡದ ತಕಾಕಿ ಕಜಿತಾ, ಇಂಥದೇ ಬದಲಾವಣೆಯನ್ನು ಬೇರೊಂದು ಪ್ರಯೋಗದಲ್ಲಿ ತೋರಿಸಿದ ಕೆನಡದ ಆರ್ಥರ್ ಮ್ಯಾಕ್‌ಡೊನಾಲ್ಡ್ ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು.

ಅಷ್ಟರಲ್ಲಿ ನಮ್ಮ ಗಣಿಯ ಪ್ರಯೋಗಗಳು ಮುಗಿದುಹೋಗಿದ್ದವು. 1980ರ ದಶಕದಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಎಂದು ಭಾರೀ ತೂಕದ ಯಂತ್ರಗಳನ್ನಿಟ್ಟು ನೋಡಿದ್ದೇ ಅಲ್ಲಿನ ಕೊನೆಯ ದೊಡ್ಡ ಕೆಲಸ. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಪಂಪು ನಿಂತ ಸುರಂಗಗಳಲ್ಲಿ ನೀರು ತುಂಬಿತು. ಶ್ರೀಕಂಠನ್ 2019ರಲ್ಲಿ ತೀರಿಕೊಂಡರು.

ಮುಳಬಾಗಿಲು, ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಮನೆಗಳಲ್ಲಿ ಆ ವಿಜ್ಞಾನಿಗಳ ಜೊತೆ ಕೇಜಿನಲ್ಲಿ ಇಳಿದವರು, ಅವರ ಕಬ್ಬಿಣ ಹೊತ್ತವರು, ತಂತಿ ಎಳೆದವರು ಇದ್ದರೆ, ಅವರು ಹೇಳುವುದನ್ನು ಅವರ ಮೊಮ್ಮಕ್ಕಳು ಇವತ್ತೇ ಕೂತು ಬರೆದುಕೊಳ್ಳಲಿ. ಹಳೆಯ ಗುರುತಿನ ಚೀಟಿ, ಫೋಟೊ ಇದ್ದರೆ ಗುಜರಿಗೆ ಹಾಕಬೇಡಿ.